ಅರ್ಧಕ್ಕೇ ನಿಲ್ಲುತ್ತಿದ್ದ ವಿಂಡೋಸ್

ವಿಂಡೋಸ್ ಎಕ್ಸ್‌ಪಿ ಆಗಷ್ಟೇ ನಮ್ಮ ಕಡೆಗೆ ಬಂದಿತ್ತು. ಸಿಡಿ ಹಾಕಿ ಕಂಪ್ಯೂಟರು ಚಾಲೂ ಮಾಡಿದರೆ ನೀಲಿ ಪರದೆ ಬರುತ್ತಿತ್ತು, ಅದರ ನಡುವೆ ಒಂದು ಹಳದಿ ಪಟ್ಟಿ ನಿಧಾನಕ್ಕೆ ತುಂಬುತ್ತ ಹೋಗುತ್ತಿತ್ತು. ಪಟ್ಟಿ ತುಂಬಿತೆಂದರೆ ದೊಡ್ಡ ಕೆಲಸ ಮುಗಿದ ಹಾಗೆ, ಉಳಿದದ್ದು ತಾನಾಗಿಯೇ ಆಗುತ್ತದೆ. ಚಿತ್ತಾಪುರದ ಒಬ್ಬ ಮಾಸ್ತರರ ಮನೆಯಲ್ಲಿ ಮಾತ್ರ ಆ ಪಟ್ಟಿ ತುಂಬಲು ಒಪ್ಪಲಿಲ್ಲ. ಅರ್ಧಕ್ಕೆ ಬರುತ್ತಿತ್ತು, ಕೆಲವೊಮ್ಮೆ ಅರ್ಧ ದಾಟುತ್ತಿತ್ತು, ಆಮೇಲೆ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರು.

ನಮ್ಮದು ವಾಡಿ. ಸ್ಟೇಷನ್ನಿನ ಹೊರಗೆ ನಮ್ಮ ಅಬ್ಬಾ ಒಂದು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ರೇಡಿಯೋ ಹೋಗಿ ಟೇಪ್ ರಿಕಾರ್ಡರ್ ಬಂತು, ಅದರ ಹಿಂದೆ ಟಿವಿ ಬಂತು. ನಾನು ಗುಲಬರ್ಗಾದಲ್ಲಿ ಹಾರ್ಡ್‌ವೇರ್ ಕೋರ್ಸ್ ಮುಗಿಸಿ ಬಂದವನು ಅದೇ ಅಂಗಡಿಯ ಮೂಲೆಯಲ್ಲೊಂದು ಮೇಜು ಹಾಕಿಕೊಂಡು ಕಂಪ್ಯೂಟರ್ ಕೆಲಸ ಶುರು ಮಾಡಿದೆ. ಸೇಡಂ, ಶಹಾಬಾದ, ಚಿತ್ತಾಪುರ, ಒಮ್ಮೊಮ್ಮೆ ಚಿಂಚೋಳಿವರೆಗೂ ಕರೆ ಬರುತ್ತಿತ್ತು. ನೂರಕ್ಕೆ ತೊಂಬತ್ತು ಕಡೆ ಕಾಯಿಲೆ ಒಂದೇ: ಧೂಳು. ಸಿಪಿಯು ಡಬ್ಬಿಯ ಬಾಗಿಲು ತೆಗೆದರೆ ಒಳಗೆ ಸಿಮೆಂಟಿನ ಬೂದಿ ಬಣ್ಣದ ಮೆತ್ತೆ. ಬ್ರಷ್ ಹಾಕಿ ತೆಗೆದು, ರ‍್ಯಾಮಿನ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಸತ್ತ ಯಂತ್ರ ಎದ್ದು ಕೂಡುತ್ತಿತ್ತು. ಜನ ನನ್ನನ್ನು ಡಾಕ್ಟರ್ ಎಂದು ಕರೆಯುತ್ತಿದ್ದರು. ನಾನೂ ಬೇಡ ಎನ್ನುತ್ತಿರಲಿಲ್ಲ.

ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಕಂಪ್ಯೂಟರ್ ಬೇಕಾಗಿದ್ದು ಅವರ ಹೆಂಡತಿಗೆ. ನಾನು ಆಕೆಯನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಚಿಂಚೋಳಿ ಕಡೆಯ ಕೊಡ್ಲಿ ಊರಿನವರು, ಮದುವೆಗೆ ಮುಂಚೆ ಸೇಡಂನಲ್ಲಿ ಕನ್ನಡ ಟೈಪಿಂಗ್, ಪುಸ್ತಕದ ಪುಟ ಕಟ್ಟುವುದು ಎಲ್ಲ ಕಲಿತಿದ್ದರು. ಮನೆಯಲ್ಲೇ ಕೂತು ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ ಮಾಡಿಕೊಡುವ ಆಸೆ. ಮಾಸ್ತರು ಗುಲಬರ್ಗಾದಿಂದ ಬಿಡಿ ಭಾಗಗಳನ್ನು ಜೋಡಿಸಿದ ಯಂತ್ರವೊಂದನ್ನು ತಂದಿದ್ದರು. ಬಂದ ಶುರುವಿನಲ್ಲಿ ಅದು ನೆಟ್ಟಗೇ ಇತ್ತು. ಬೇಸಗೆ ಬರುವ ಹೊತ್ತಿಗೆ ತಾನೇ ತಾನು ಬಂದ್ ಆಗತೊಡಗಿತು, ಒಂದು ದಿನ ವಿಂಡೋಸ್ ಏಳಲೇ ಇಲ್ಲ.

ಮನೆಯಲ್ಲಿ ಇನ್ನೊಬ್ಬರು ಮಾಸ್ತರರ ತಾಯಿ. ಮಳಖೇಡದ ಮಗಳು, ಕಾಗಿಣಾ ಹೊಳೆಯ ನೀರು ಕುಡಿದು ಬೆಳೆದವರು. ಮಡಿ ಭಾಳ. ಬೆಳಿಗ್ಗೆ ಮತ್ತು ಸಂಜೆ ಒದ್ದೆ ಸೀರೆಯುಟ್ಟು, ಬರಿಗಾಲಿನಲ್ಲಿ ಹಿತ್ತಲಿಗೆ ಹೋಗಿ ದೇವರ ಪೂಜೆಗೆ ತಾಮ್ರದ ಕೊಡದಲ್ಲಿ ನೀರು ತರುತ್ತಿದ್ದರು. ದಾರಿಯಲ್ಲಿ ಯಾರಾದರೂ ಸಿಕ್ಕರೆ ದೂರದಿಂದಲೇ, "ಮಡಿ ಅದ, ಮುಟ್ಟಬ್ಯಾಡ್ರಿ, ಮುಟ್ಟಬ್ಯಾಡ್ರಿ," ಎನ್ನುತ್ತ ಬರುತ್ತಿದ್ದರು. ಸ್ವಂತ ಮಗನಿಗೂ ಹಾಗೇ, ಸೊಸೆಗೂ ಹಾಗೇ. ನನಗೆ ಚಹಾ ಬರುತ್ತಿದ್ದದ್ದು ಗಾಜಿನ ಗ್ಲಾಸಿನಲ್ಲಿ, ಮನೆಯವರಿಗೆ ಸ್ಟೀಲಿನ ಲೋಟ. ಅದು ಯಾಕೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಆದರೆ ಚಹಾದ ಜೊತೆ ಅವಲಕ್ಕಿ ಕೊಡದೆ ಒಮ್ಮೆಯೂ ಕಳಿಸಿದವರಲ್ಲ. "ತಮ್ಮಾ, ವಾಡಿಯಿಂದ ಬಂದೀದಿ, ಹಸದಿರ್ತದ, ತಿನ್ನು," ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು.

ಮೊದಲ ಸಲ ಹೋದಾಗ ಸಿಡಿ ಕೆಟ್ಟಿರಬೇಕೆಂದುಕೊಂಡೆ. ಗೀರು ಬಿದ್ದ ಸಿಡಿ ಇದ್ದರೆ ಫೈಲು ಓದಲಾಗದೆ ಹೀಗೆ ನಿಲ್ಲುವುದು ಮಾಮೂಲು. ಬೇರೆ ಸಿಡಿ ಹಾಕಿದೆ. ಅರ್ಧಕ್ಕೆ ನಿಂತಿತು. ರ‍್ಯಾಮ್ ಉಜ್ಜಿದೆ, ಅದರ ಜಾಗ ಬದಲಿಸಿದೆ. ಮತ್ತೆ ಅರ್ಧಕ್ಕೆ. ಹಾರ್ಡ್ ಡಿಸ್ಕಿನ ಚಪ್ಪಟೆ ಕೇಬಲ್ ಬದಲಿಸಿದೆ. ಈ ಸಲ ಅರ್ಧ ದಾಟಿತು, ನಾನು ಮಾಸ್ತರರ ಕಡೆ ನೋಡಿ ನಕ್ಕೆ, ನಗು ಮುಗಿಯುವ ಮೊದಲೇ ಪರದೆ ಕಪ್ಪಾಯಿತು.

"ಏನ್ ಭಾಯ್, ಹೊಸಾ ಮಷೀನ್ ಇದು," ಎಂದರು ಮಾಸ್ತರು. "ಮೋಸ ಆತೇನು ನಮಗ?"

"ಇಲ್ರಿ ಸರ್, ಡಬ್ಬಿ ನಾ ವಾಡಿಗಿ ಒಯ್ತೀನಿ. ಕುಂತು ನೋಡ್ತೀನಿ."

ಡಬ್ಬಿಯನ್ನು ಚಾದರದಲ್ಲಿ ಸುತ್ತಿ, ಪ್ಯಾಸೆಂಜರ್ ಗಾಡಿಯಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ವಾಡಿಗೆ ತಂದೆ. ಅಂಗಡಿಯಲ್ಲಿ ಅದೇ ಸಿಡಿ, ಅದೇ ರ‍್ಯಾಮ್, ಅದೇ ಡಿಸ್ಕು. ಹಳದಿ ಪಟ್ಟಿ ಒಂದೇ ಓಟಕ್ಕೆ ತುಂಬಿತು. ಹೆಸರು ಕೇಳಿತು, ತಾರೀಖು ಕೇಳಿತು, ಹಸಿರು ಗುಡ್ಡದ ಚಿತ್ರ ಬಂತು. ಎರಡು ದಿನ ಬಿಡದೆ ಓಡಿಸಿದೆ, ಒಂದು ಸಲವೂ ನಿಲ್ಲಲಿಲ್ಲ. ಮತ್ತೆ ಚಾದರದಲ್ಲಿ ಸುತ್ತಿಕೊಂಡು ಚಿತ್ತಾಪುರಕ್ಕೆ ಒಯ್ದು ಅವರ ಮೇಜಿನ ಮೇಲಿಟ್ಟು ಚಾಲೂ ಮಾಡಿ ತೋರಿಸಿದೆ. ವೈನಿ ಆಗಲೇ ಕೂತು ಕನ್ನಡದಲ್ಲಿ ಒಂದು ಸಾಲು ಹೊಡೆದರು. ಅವರ ಮುಖ ನೋಡಿ ನನಗೂ ಖುಷಿಯಾಯಿತು. ನಾನು ಸ್ಟೇಷನ್ನು ಮುಟ್ಟುವುದರೊಳಗೆ ಮಾಸ್ತರು ಸೈಕಲ್ ಮೇಲೆ ಬೆನ್ನು ಹತ್ತಿ ಬಂದರು.

"ಭಾಯ್, ಮತ್ತ ಸತ್ತದ. ಈಗ ಏಳವಲ್ದು."

ವಾಪಸು ಹೋಗಿ ನೋಡಿದರೆ ಡಿಸ್ಕಿನ ಮೇಲಿದ್ದ ವಿಂಡೋಸ್ ಹಾಳಾಗಿತ್ತು. ಮೊದಲಿನಿಂದ ಹಾಕಬೇಕು. ಹಾಕಲು ಕೂತರೆ ಅರ್ಧಕ್ಕೆ ನಿಲ್ಲುತ್ತದೆ. ಊರಿಂದೂರಿಗೆ ತಿರುಗುವ ಈ ಕೆಲಸದಲ್ಲಿ ಎಂಥೆಂಥದ್ದೋ ನೋಡಿದ್ದೆ, ಒಳಗೆ ಇಲಿ ಮರಿ ಹಾಕಿದ್ದನ್ನೂ ನೋಡಿದ್ದೆ. ಆದರೆ ವಾಡಿಯಲ್ಲಿ ಆರೋಗ್ಯವಾಗಿದ್ದು ಚಿತ್ತಾಪುರದಲ್ಲಿ ಸಾಯುವ ಯಂತ್ರವನ್ನು ನೋಡಿರಲಿಲ್ಲ. ಅಂದರೆ ಕಾಯಿಲೆ ಡಬ್ಬಿಯಲ್ಲಿಲ್ಲ, ಈ ಮನೆಯ ಕರೆಂಟಿನಲ್ಲಿದೆ. ಅಷ್ಟು ತಿಳಿದ ಮೇಲೆ ದಾರಿ ಸುಲಭವಾಯಿತೆಂದುಕೊಂಡೆ.

ಮುಂದಿನ ಸಲ ಬರುವಾಗ ಅಂಗಡಿಯಿಂದ ಸ್ಟೆಬಿಲೈಜರ್ ತಂದೆ. ಅಬ್ಬಾನ ಕಾಲದ್ದು, ಭಾರದ ಕಬ್ಬಿಣದ ಪೆಟ್ಟಿಗೆ. ಅದರ ಮುಖದ ಮೇಲೆ ವೋಲ್ಟೇಜ್ ತೋರಿಸುವ ಗಡಿಯಾರದಂಥ ಮೀಟರು, ಒಳಗೊಂದು ಮುಳ್ಳು. ಕಂಪ್ಯೂಟರಿಗೆ ಜೋಡಿಸಿ ಸಿಡಿ ಹಾಕಿ ಕೂತೆವು. ಅಡುಗೆ ಮನೆಯಲ್ಲಿ ಫ್ರಿಜ್ ಗುರ್ ಎಂದು ಶುರುವಾದ ಕೂಡಲೇ ಮುಳ್ಳು ಕೆಳಗೆ ಬಿತ್ತು, ಅರ್ಧ ಸತ್ತ ಮನುಷ್ಯನ ಕುತ್ತಿಗೆಯ ಹಾಗೆ. ಸ್ಟೆಬಿಲೈಜರ್ ಟಕ ಟಕ ಎಂದು ಒದ್ದಾಡಿತು. ತಲೆಯ ಮೇಲಿನ ಬಲ್ಬು ಕೆಂಪಗಾಯಿತು. ಪರದೆ ಹೋಯಿತು.

"ಲೋ ವೋಲ್ಟೇಜ್ ರಿ ಸರ್," ಎಂದೆ. "ಲೈನ್‌ಮನ್‌ಗ ಹೇಳ್ರಿ. ಕಂಬದಾಗ ಏನೋ ಅದ."

"ಬಾಜೂ ಮನ್ಯಾಗ ಬರೋಬ್ಬರಿ ಅದಲ್ಲ ಭಾಯ್. ನಾ ಹೋಗಿ ನೋಡೀನಿ. ಅವರ ಬಲ್ಬು ಅಲ್ಲಾಡವಲ್ದು."

ಮಾಸ್ತರು ಶಾಲೆಗೆ ಹೊರಟರು. ವೈನಿ ಮೀಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮುಳ್ಳನ್ನೇ ನೋಡುತ್ತಿದ್ದರು. ನಾನು ಮತ್ತೊಮ್ಮೆ ಸಿಡಿ ಹಾಕಿದೆ. ಈ ಸಲ ಪಟ್ಟಿ ಸರಾಗವಾಗಿ ಓಡಿತು. ಫ್ರಿಜ್ ನಡೆಯುತ್ತಲೇ ಇತ್ತು, ಆದರೂ ಓಡಿತು. ಕಿಟಕಿಯ ಆಚೆ ಹಿತ್ತಲಲ್ಲಿ ಪಾತ್ರೆಗಳ ಸದ್ದು. ಆಮೇಲೆ ಆ ಸದ್ದು ನಿಂತಿತು, ಸ್ವಲ್ಪ ಹೊತ್ತಿಗೆ ಮುಳ್ಳು ಮತ್ತೆ ಇಳಿಯತೊಡಗಿತು.

"ಅಣ್ಣಾ, ಒಂದ್ ಮಾತು," ಎಂದರು ವೈನಿ. "ನಾ ಹೇಳಿದ್ರ ನಗಬ್ಯಾಡ್ರಿ ಮತ್ತ."

"ಹೇಳ್ರಿ ವೈನಿ."

"ನಳದ ಹತ್ರ ನೀರು ಚೆಲ್ಲಿದಾಗೆಲ್ಲಾ ಮುಳ್ಳು ಮ್ಯಾಲ ಹೋಗ್ತದ. ಈಗ ಕೆಲಸದಾಕಿ ಭಾಂಡಿ ತಿಕ್ಕಿ ಹೋದ್ಲು ನೋಡ್ರಿ, ಆಗ ಮ್ಯಾಲಿತ್ತು. ನಿನ್ನೆ ಸಂಜೀಕೂ ಹಂಗೇ. ಅತ್ತಿಯವರು ನೀರಿಗಿ ಹೋದಾಗ ಬಲ್ಬು ಜಗ್ಗ ಅಂತ ಹತ್ತಿತು."

ನಾನು ನಗಲಿಲ್ಲ. ನಂಬಲೂ ಇಲ್ಲ. ನೀರಿಗೂ ವಿಂಡೋಸಿಗೂ ಏನು ಸಂಬಂಧ? ಆದರೂ, "ಹಂಗಾರ ನೋಡೇ ಬಿಡೋಣ್ರಿ," ಎಂದೆ. ವೈನಿ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಒಂದು ಬಕೆಟ್ ನೀರು ಹಿಡಿದು ಹಿತ್ತಲಿಗೆ ಹೋದರು. ಆ ಕಿಟಕಿಯಿಂದ ಹಿತ್ತಲು ಪೂರ್ತಿ ಕಾಣುತ್ತಿತ್ತು. ಶಹಾಬಾದ ಫರ್ಸಿ ಕಲ್ಲು ಹಾಸಿದ ಚಪ್ಪಟೆ ಕಟ್ಟೆ, ಅದರ ಬದಿಯ ಮಣ್ಣಿನಿಂದ ಮೇಲೆದ್ದ ಕಬ್ಬಿಣದ ಪೈಪು, ಪೈಪಿನ ತುದಿಗೆ ಹಿತ್ತಾಳೆಯ ನಳ. ನಾನು ಮುಳ್ಳಿನ ಮೇಲೆ ಕಣ್ಣಿಟ್ಟೆ.

"ಸುರೀಲ್ಯಾ?"

"ಸುರೀರಿ."

ಪೈಪಿನ ಬುಡಕ್ಕೆ ನೀರು ಬಿದ್ದ ಸದ್ದು ಕೇಳಿಸಿತು. ಮುಳ್ಳು ಎದ್ದಿತು. ಯಾರೋ ಬೆರಳಿನಿಂದ ಮೇಲಕ್ಕೆ ದೂಡಿದ ಹಾಗೆ ಎದ್ದು ನಿಂತಿತು. ಬಲ್ಬು ಬೆಳ್ಳಗಾಯಿತು.

ಆಗ ಅಬ್ಬಾನ ಮಾತು ನೆನಪಾಯಿತು. ಅವರು ನನ್ನನ್ನು ಓದಿಸಿದ್ದು ಕಡಿಮೆ, ಆದರೆ ಕರೆಂಟಿನ ಬಗ್ಗೆ ಒಂದು ಮಾತು ಚಿಕ್ಕಂದಿನಿಂದ ಹೇಳುತ್ತ ಬಂದಿದ್ದರು: ಕರೆಂಟು ಮನೆಗೆ ಬಂದ ಮೇಲೆ ವಾಪಸು ಹೋಗಲೇಬೇಕು, ಅದರ ದಾರಿ ಕಟ್ಟಿದರೆ ಬೇರೆ ದಾರಿ ಹುಡುಕುತ್ತದೆ. ಈ ಮನೆಯ ಕರೆಂಟು ನೀರಿನ ಪೈಪಿನಿಂದ ಮಣ್ಣಿಗಿಳಿದು ವಾಪಸು ಹೋಗುತ್ತಿತ್ತು. ಮಣ್ಣು ಒದ್ದೆಯಾದರೆ ದಾರಿ ಸಲೀಸು, ಒಣಗಿದರೆ ಇಕ್ಕಟ್ಟು. ಅದಕ್ಕೇ ಬೇಸಗೆಯಲ್ಲಿ ಯಂತ್ರ ಕೆಟ್ಟದ್ದು.

"ವೈನಿ, ಅಲ್ಲಿಂದ ಸರೀರಿ. ನಳ ಮುಟ್ಟಬ್ಯಾಡ್ರಿ."

ಟೆಸ್ಟರ್ ಹಿಡಿದು ಹಿತ್ತಲಿಗೆ ಓಡಿದೆ. ಹೊರಬಾಗಿಲಲ್ಲಿ ಬಿಟ್ಟಿದ್ದ ಬೂಟು ಹಾಕಿಕೊಂಡೇ ಓಡಿದ್ದೆ, ಆ ಮನೆಯೊಳಗೆ ಬೂಟು ಹಾಕಿ ನಡೆದದ್ದು ಅದೊಂದೇ ಸಲ. ಹಿತ್ತಾಳೆಯ ನಳಕ್ಕೆ ಟೆಸ್ಟರಿನ ತುದಿ ಮುಟ್ಟಿಸಿದೆ. ಹಗಲು ಬೆಳಕಿನಲ್ಲಿ ಕಾಣಲಿಲ್ಲ. ಕೈ ಅಡ್ಡ ಹಿಡಿದು ನೆರಳು ಮಾಡಿ ನೋಡಿದೆ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ಕಿಡಿ ಹೊತ್ತಿಕೊಂಡಿತ್ತು.

ನಳದಲ್ಲಿ ಕರೆಂಟು. ನೀರು ಕುಡಿಯುವ ನಳದಲ್ಲಿ.

ನಾನು ಅದನ್ನು ನಂಬದೆ ಮತ್ತೆ ಮುಟ್ಟಿಸಿ ನೋಡುತ್ತಿದ್ದಾಗ ಹಿಂದಿನಿಂದ ದನಿ ಬಂತು. "ಮಡಿ ಅದ ತಮ್ಮಾ, ಸರಿ, ಸರಿ, ಮುಟ್ಟಬ್ಯಾಡ." ಮಾಸ್ತರರ ತಾಯಿ, ಅಜ್ಜಿ, ಬರುತ್ತಿದ್ದರು. ಆಗಷ್ಟೇ ಮಿಂದು ಬಂದಿದ್ದರು, ಒದ್ದೆ ಸೀರೆಯಿಂದ ನೀರು ಸೋರುತ್ತಿತ್ತು, ಬರಿಗಾಲು, ಸೊಂಟದ ಮೇಲೆ ತಾಮ್ರದ ಕೊಡ. ಏಕಾದಶಿಯೋ ಏನೋ, ಆವತ್ತು ಎರಡನೇ ಸಲ ನೀರಿಗೆ ಬಂದಿದ್ದರು. ನಾನು ಪಕ್ಕಕ್ಕೆ ಸರಿಯುತ್ತೇನೆಂದು ಅವರು ನಂಬಿದ್ದರು, ಯಾವಾಗಲೂ ಸರಿಯುತ್ತಿದ್ದೆನಲ್ಲ. ನಿಲ್ಲದೆ ನೇರ ಒದ್ದೆ ಫರ್ಸಿಯ ಮೇಲೆ ಕಾಲಿಟ್ಟು ನಳದ ಕಡೆ ಕೈ ಚಾಚಿದರು.

"ಮುಟ್ಟಬ್ಯಾಡ್ರಿ!"

ಅಷ್ಟು ಜೋರಾಗಿ ನಾನು ಯಾರ ಮೇಲೂ ಕೂಗಿದವನಲ್ಲ. ಅಜ್ಜಿಯ ಕೈ ನಳದಿಂದ ಒಂದು ಗೇಣು ದೂರದಲ್ಲಿ ನಿಂತಿತು. ದಿನವೂ ತಾನು ಊರಿಗೆಲ್ಲ ಹೇಳುವ ಮಾತನ್ನು ತನಗೇ ಯಾರೋ ಹೇಳಿದ್ದು ಆಕೆಗೆ ಅರ್ಥವೇ ಆಗಲಿಲ್ಲ. ಬಾಯಿ ಅರ್ಧ ತೆರೆದು ನನ್ನನ್ನು ನೋಡುತ್ತ ನಿಂತರು. ಆ ಗೇಣು ಜಾಗ ಇಂದಿಗೂ ನನ್ನ ಕಣ್ಣ ಮುಂದಿದೆ.

"ಅವ್ವಾರ, ಹಿಂದಕ್ಕ ಬರ್ರಿ. ನಳಕ್ಕ ಕರೆಂಟ್ ಬಂದದ. ಕೈ ಹಚ್ಚಬ್ಯಾಡ್ರಿ, ಹಿಂದಕ್ಕ ಬರ್ರಿ."

ವೈನಿ ಅತ್ತೆಯ ತೋಳು ಹಿಡಿದು ಎಳೆದುಕೊಂಡರು. ಮಡಿ ಹೋಯಿತೆಂದು ಅಜ್ಜಿ ಸಿಟ್ಟಾಗಲಿಲ್ಲ. ಕೊಡ ಜಾರಿ ಫರ್ಸಿಯ ಮೇಲೆ ಉರುಳಿತು. ನಾನು ಒಳಗೆ ಓಡಿ ಮೇನ್ ಸ್ವಿಚ್ ಇಳಿಸಿದೆ. ಫ್ರಿಜ್ ಸುಮ್ಮನಾಯಿತು, ಫ್ಯಾನು ನಿಧಾನವಾಯಿತು. ಹಿತ್ತಲಿಗೆ ಬಂದು ಮತ್ತೆ ಟೆಸ್ಟರ್ ಮುಟ್ಟಿಸಿದೆ. ಕಿಡಿ ಇಲ್ಲ.

ಅಜ್ಜಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಹೆದರಿರಬೇಕೆಂದುಕೊಂಡು ನಾನು ಸಮಾಧಾನದ ಮಾತು ಹೇಳಲು ಹೋದೆ. ಅವರು ನನ್ನ ಮಾತು ಕೇಳಲಿಲ್ಲ. ಸೊಸೆಯ ಮುಖ ನೋಡಿ ಕೇಳಿದರು.

"ಅಂದ್ರ, ಅದು ಕರೆಂಟಾ?"

"ಯಾವ್ದು ಅತ್ತಿ?"

"ಕೈ ಜುಂ ಅಂತಿತ್ತಲ್ಲ. ಅದು."

ವೈನಿ ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ನನಗೆ ಹೇಳಿದರು. ನಾಲ್ಕಾರು ತಿಂಗಳಿನಿಂದ ಅಜ್ಜಿ ಹೇಳುತ್ತಲೇ ಇದ್ದರಂತೆ, ಕೈ ಜುಂ ಎನ್ನುತ್ತದೆ, ಮೊಳಕೈವರೆಗೂ ಇರುವೆ ಹರಿದ ಹಾಗಾಗುತ್ತದೆ ಎಂದು. ಸಕ್ಕರೆ ಕಾಯಿಲೆ ಇತ್ತು. ಸಕ್ಕರೆ ಇದ್ದವರಿಗೆ ಕೈಕಾಲು ಹಾಗಾಗುವುದುಂಟೆಂದು ಶಹಾಬಾದದ ಡಾಕ್ಟರು ಗುಳಿಗೆ ಕೊಟ್ಟಿದ್ದರು. ಸೊಸೆ ಹಿತ್ತಲಿಗೆ ಹೋಗುವುದು ರಬ್ಬರ್ ಚಪ್ಪಲಿ ಮೆಟ್ಟಿ, ಮಗನ ಸ್ನಾನ ಒಳಗಿನ ಬಚ್ಚಲಲ್ಲಿ ಹಂಡೆಯ ನೀರಿನಿಂದ, ಕೆಲಸದವಳೂ ಚಪ್ಪಲಿಯವಳೇ. ಬರಿಗಾಲಿನಲ್ಲಿ, ಒದ್ದೆ ಮೈಯಲ್ಲಿ ಆ ನಳ ಮುಟ್ಟುತ್ತಿದ್ದವರು ಆ ಮನೆಯಲ್ಲಿ ಒಬ್ಬರೇ. ಹಾಗಾಗಿ ಜುಂ ಎಂದದ್ದು ಒಬ್ಬರಿಗೇ.

"ನಾ ಏನಂದ್ಕೊಂಡಿದ್ದೆ ಗೊತ್ತದನು," ಎಂದರು ಅಜ್ಜಿ. ದನಿ ಸಣ್ಣದಾಗಿತ್ತು. "ದೇವರಿಗೆ ನನ್ನ ಕೈಯಾಗಿನ ನೀರು ಬ್ಯಾಡಾಗ್ಯದ ಅಂದ್ಕೊಂಡಿದ್ದೆ. ಕೊಡಾ ಹಿಡದು ನಳಕ್ಕ ಕೈ ಹಚ್ಚಿದ್ರ ದೂಡ್ತಿತ್ತು. ಬರೇ ಪೂಜಾ ನೀರಿಗಿ ಹೋದಾಗ ದೂಡ್ತಿತ್ತು. ಏನ್ ತಪ್ಪು ಮಾಡೀನಿ, ಏನ್ ತಪ್ಪು ಮಾಡೀನಿ ಅಂತ ಅತ್ತೀನಿ ನಾ. ಮಳಖೇಡದ ಮಠಕ್ಕ ಹೋಗಿ ಉಪವಾಸ ಕುಂತು ಬಂದೆ. ಬಂದ ಮ್ಯಾಲೂ ದೂಡ್ತು."

ವೈನಿ ಅತ್ತೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು. "ನಮಗ್ಯಾಕ ಹೇಳಲಿಲ್ಲ ಅತ್ತಿ?"

"ಹೇಳಿದೆನಲ್ಲ, ಕೈ ಜುಂ ಅಂತದ ಅಂತ. ನೀವು ಗುಳಗಿ ತಂದ್ರಿ."

ನನಗೆ ನಳದ ಕರೆಂಟಿಗಿಂತ ಈ ಮಾತು ಹೆಚ್ಚು ಹೊಡೆಯಿತು. ಸಾವು ದಿನಾ ಎರಡು ಹೊತ್ತು ಆಕೆಯ ಕೈ ಹಿಡಿದು ನೋಡಿ ಬಿಡುತ್ತಿತ್ತು, ಆಕೆ ಅದನ್ನು ದೇವರ ಸಿಟ್ಟು ಎಂದುಕೊಂಡು ಮತ್ತೆ ಮತ್ತೆ ಹೋಗಿ ಕೈ ಚಾಚುತ್ತಿದ್ದರು. ಬಿಡದೆ ಹೋಗುತ್ತಿದ್ದರು. ಒಂದು ದಿನ ಫರ್ಸಿ ಇನ್ನಷ್ಟು ಒದ್ದೆಯಿದ್ದಿದ್ದರೆ, ಇನ್ನೊಂದು ಯಂತ್ರ ಒಳಗೆ ನಡೆಯುತ್ತಿದ್ದಿದ್ದರೆ.

ಮಾಸ್ತರರಿಗೆ ಹೇಳಿ ಕಳಿಸಿದೆವು. ತಾಯಿಗೆ ಏನೋ ಆಗಿದೆ ಎಂದುಕೊಂಡು ಸೀಮೆಸುಣ್ಣದ ಕೈಯಲ್ಲೇ ಓಡಿ ಬಂದರು. ಅಷ್ಟರಲ್ಲಿ ನಾನು ಮೀಟರಿನ ಹಲಗೆ ಬಿಚ್ಚಿದ್ದೆ. ಮನೆಯಿಂದ ಕರೆಂಟು ವಾಪಸು ಒಯ್ಯುವ ತಂತಿ, ನ್ಯೂಟ್ರಲ್, ಅಲ್ಲಿ ಸಡಿಲಾಗಿ ಸುಟ್ಟು ಕರ‍್ರಗಾಗಿತ್ತು. ಒಂದು ಎಳೆ ಮಾತ್ರ ತಾಗಿಕೊಂಡಿತ್ತು. ಅದು ಹಳೆಯ ಮನೆಗಳಲ್ಲಿ ಆಗುವಂಥದ್ದೇ. ಆದರೆ ಆ ಕರೆಂಟು ನೀರಿನ ಪೈಪಿಗೆ ಹೋದದ್ದು ಹೇಗೆ? ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಅರ್ಥಿಂಗ್ ತಂತಿಯನ್ನು ಪೈಪಿಗೆ ಬಿಗಿದಿದ್ದರು, ಅದೂ ಹಳೆಯ ಕಾಲದ ಪದ್ಧತಿ. ಅರ್ಥಿಂಗ್ ತಂತಿಗೂ ನ್ಯೂಟ್ರಲಿಗೂ ಎಲ್ಲೋ ಗಂಟು ಬಿದ್ದಿರಬೇಕು. ಒಂದೊಂದೇ ಪ್ಲಗ್ಗು ಬಿಚ್ಚುತ್ತ ಬಂದೆ. ಕಂಪ್ಯೂಟರಿನ ಪ್ಲಗ್ಗಿನ ಹಲಗೆ ಬಿಚ್ಚಿದಾಗ ಒಳಗೆ ಕಾಣಿಸಿತು. ಬೆರಳಿನಷ್ಟು ಉದ್ದದ ಹೊಸ ಕೆಂಪು ತಂತಿ, ಎರಡೂ ತುದಿ ಅಚ್ಚುಕಟ್ಟಾಗಿ ಸುತ್ತಿ ಸ್ಕ್ರೂ ಬಿಗಿದಿದ್ದರು. ಒಂದು ತುದಿ ನ್ಯೂಟ್ರಲಿಗೆ, ಇನ್ನೊಂದು ಅರ್ಥಿಂಗಿಗೆ.

"ಇದ್ಯಾರು ಕಟ್ಯಾರ್ರಿ ಸರ್?"

ಮಾಸ್ತರು ಬಾಗಿ ನೋಡಿದರು. ನೋಡಿದವರು ಬಾಗಿದ ಹಾಗೇ ಇದ್ದರು.

"ನಾನೇ ಕಟ್ಟೀನಿ."

ಕಂಪ್ಯೂಟರ್ ಹೊಸದಾಗಿ ತಂದಾಗ ಡಬ್ಬಿ ಮುಟ್ಟಿದರೆ ಸಣ್ಣಗೆ ಜುಮುಗುಡುತ್ತಿತ್ತಂತೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಗ್ಯಾರಂಟಿ ಇಲ್ಲವೆಂದು ಮಾರಿದವನು ಹೇಳಿದ್ದನಂತೆ. ಪರಿಚಯದ ಯಾರೋ, ನ್ಯೂಟ್ರಲ್ಲೂ ಅರ್ಥಿಂಗೂ ಕೂಡಿಸಿಬಿಡಿ, ಎಲ್ಲ ನಿಲ್ಲುತ್ತದೆ ಎಂದಿದ್ದರಂತೆ. ಇವರು ಕೂಡಿಸಿದರು. ನಿಂತೂ ನಿಂತಿತು. ಡಬ್ಬಿಯ ಜುಮು ನಿಂತಿತು. ಆಮೇಲೆ ಯಾವಾಗಲೋ ಮೀಟರಿನ ಹತ್ತಿರ ತಂತಿ ಸುಟ್ಟಿತು, ಇಡೀ ಮನೆಯ ಕರೆಂಟು ಮಾಸ್ತರು ಕಟ್ಟಿದ ಆ ತುಂಡಿನಿಂದ ಹಾದು ಹಿತ್ತಲಿನ ನಳಕ್ಕೆ ಬಂತು.

ಮಾಸ್ತರು ಪಡಸಾಲೆಗೆ ಹೋಗಿ ತಾಯಿಯ ಮುಂದೆ ನಿಂತರು. ಕೈಯಲ್ಲಿದ್ದ ಸೀಮೆಸುಣ್ಣದ ಪುಡಿ ಉಜ್ಜುತ್ತಿದ್ದರು. "ಅವ್ವಾ, ನಾ..." ಎಂದರು, ಮುಂದೆ ಬರಲಿಲ್ಲ. ತರಗತಿಯಲ್ಲಿ ಗುಡುಗುವ ಮನುಷ್ಯ. ಅಜ್ಜಿ ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ಕರೆಂಟಂತಲ್ಲೋ," ಎಂದರು. "ದೇವರಲ್ಲಂತ."

ಅಷ್ಟು ಹೇಳಿ ಅಳತೊಡಗಿದರು. ನಗುತ್ತಿದ್ದರೋ ಏನೋ, ಎರಡೂ ಕೂಡಿತ್ತು. ಮಾಸ್ತರು ತಾಯಿಯ ಎರಡೂ ಕೈ ಹಿಡಿದುಕೊಂಡು ಅಂಗೈ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು, ಸುಟ್ಟ ಗುರುತು ಹುಡುಕುವವರ ಹಾಗೆ.

ನಾನು ಕೆಂಪು ತುಂಡನ್ನು ಕಿತ್ತೆ. ಸುಟ್ಟ ತಂತಿ ಸರಿಪಡಿಸುವವರೆಗೆ ಮೇನ್ ಏರಿಸಬೇಡಿ, ನಳ ಮುಟ್ಟಬೇಡಿ ಎಂದು ಹೇಳಿ ಹೊರಟೆ. ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತವನು, ಅದರ ಕಬ್ಬಿಣದ ಸರಳಿಗೆ ಕೈ ತಾಗಿದ್ದೇ ಬೆಚ್ಚಿ ಎಳೆದುಕೊಂಡೆ. ಎದುರಿಗೆ ಕೂತ ಸೇಡಂ ಕಡೆಯ ಮುದುಕರೊಬ್ಬರು, "ಮೈಯಾಗ ಆರಾಮಿಲ್ಲೇನು?" ಎಂದು ನೀರಿನ ಬಾಟಲಿ ಕೊಟ್ಟರು. ಮೂಸಂಬಿ ಸುಲಿದು ಒಂದು ಹೋಳು ಕೊಟ್ಟರು. ತಿನ್ನಲಾಗಲಿಲ್ಲ, ಕೈಯಲ್ಲೇ ಹಿಡಿದುಕೊಂಡು ವಾಡಿಯಲ್ಲಿಳಿದೆ. ಮನೆಗೆ ಹೋದವನು ಯಾರ ಜೊತೆಯೂ ಮಾತಾಡದೆ ನಮ್ಮ ಮನೆಯ ನಳಕ್ಕೆ ಟೆಸ್ಟರ್ ಹಚ್ಚಿ ನೋಡಿದೆ. ಅಮ್ಮಿ ಅಡುಗೆ ಮನೆಯಿಂದ ಹಣಿಕಿ ನೋಡಿ, ಇವನಿಗೇನಾಯಿತು ಎಂದು ಅಬ್ಬಾನನ್ನು ಕೇಳುತ್ತಿದ್ದರು.

ಲೈನ್‌ಮನ್ ಬಂದು ಮೀಟರಿನ ತಂತಿ ಬದಲಿಸಿದ. ಹಿತ್ತಲ ಇನ್ನೊಂದು ಮೂಲೆಯಲ್ಲಿ ತಗ್ಗು ತೋಡಿ, ಇದ್ದಿಲು ಮತ್ತು ಉಪ್ಪು ತುಂಬಿ, ಹೊಸ ಅರ್ಥಿಂಗ್ ಕೂರಿಸಿದರು. ಪೈಪಿಗೆ ಬಿಗಿದಿದ್ದ ತಂತಿಯನ್ನು ಕತ್ತರಿಸಿ ತೆಗೆದರು. ಎಲ್ಲ ಮುಗಿದ ಮೇಲೆ ನಾನು ಮತ್ತೆ ಸಿಡಿ ಹಿಡಿದು ಚಿತ್ತಾಪುರಕ್ಕೆ ಹೋದೆ.

ಹೋದರೆ ಮನೆಯಲ್ಲಿ ಬೇರೆ ಸಮಸ್ಯೆ. ಅಜ್ಜಿ ನಳದ ಹತ್ತಿರ ಹೋಗಲು ಒಪ್ಪುತ್ತಿರಲಿಲ್ಲ. ಓಣಿಯ ಬಾವಿಯಿಂದ ಸೇದಿ ತರುತ್ತಿದ್ದರು, ಆ ವಯಸ್ಸಿನಲ್ಲಿ. ಮಗ ಹೇಳಿದ, ಸೊಸೆ ಹೇಳಿದಳು, ಲೈನ್‌ಮನ್ನೂ ಹೇಳಿ ಹೋಗಿದ್ದ. ಯಾರ ಮಾತಿಗೂ ಜಗ್ಗಿರಲಿಲ್ಲ. ನಾನು ಕಂಪ್ಯೂಟರಿನ ಮುಂದೆ ಕೂತು ಸಿಡಿ ಹಾಕುತ್ತಿದ್ದಂತೆ ಬಾಗಿಲಲ್ಲಿ ಬಂದು ನಿಂತರು.

"ತಮ್ಮಾ, ಜರಾ ಹಿತ್ತಲಕ್ಕ ಬಾ."

ಹೋದೆ. ಕಟ್ಟೆಯ ಮೇಲೆ ನೀರು ಚೆಲ್ಲಿಟ್ಟಿದ್ದರು, ಬಾವಿಯ ನೀರು.

"ಅವತ್ತ ಮುಟ್ಟಬ್ಯಾಡ್ರಿ ಅಂದಾಂವ ನೀ. ಇವತ್ತ ಮುಟ್ಟು ಅಂತ ಹೇಳಾಂವನೂ ನೀನೇ ಆಗ್ಬೇಕು. ಚಪ್ಪಲಿ ತಗಿ. ಮುಟ್ಟಿ ತೋರ್ಸು."

ಟೆಸ್ಟರ್ ಹಚ್ಚಿದೆ. ಕಿಡಿ ಇಲ್ಲ. ತೋರಿಸಿದೆ.

"ಆ ಕಡ್ಡಿ ನನಗ ತಿಳೀಂಗಿಲ್ಲ. ಕೈ ಹಚ್ಚು."

ನಳದಲ್ಲಿ ಕರೆಂಟಿಲ್ಲ ಎಂದು ನನ್ನ ತಲೆಗೆ ಗೊತ್ತಿತ್ತು. ಒದ್ದೆ ಫರ್ಸಿಯ ಮೇಲೆ ಬರಿಗಾಲಿನಲ್ಲಿ ನಿಂತಾಗ ತಲೆಯ ಮಾತನ್ನು ಮೈ ಕೇಳಲಿಲ್ಲ. ಕೈ ಮುಂದೆ ಹೋಯಿತು, ನಿಂತಿತು. ಅಜ್ಜಿ ನನ್ನ ಕೈಯನ್ನು ನೋಡುತ್ತಿರಲಿಲ್ಲ, ಮುಖವನ್ನೇ ನೋಡುತ್ತಿದ್ದರು. ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿ ಹಿಡಿದೆ. ತಣ್ಣಗಿನ ಹಿತ್ತಾಳೆ. ಅಷ್ಟೇ. ತಿರುಗಿಸಿದೆ, ನೀರು ಬಂತು.

"ಜುಂ ಅಂತನು?"

"ಇಲ್ರಿ ಅವ್ವಾರ."

"ಖರೇ?"

"ಖರೇ ರಿ."

ಅಜ್ಜಿ ತಲೆಯಾಡಿಸಿದರು. "ಹಂಗಾರ ಸರಿ ಆ ಕಡಿ." ನಾನು ಸರಿದೆ. ಅವರು ಹುಣಸೆಹಣ್ಣು, ಬೂದಿ ತಂದು, ನಾನು ಮುಟ್ಟಿದ ನಳವನ್ನು ಕೋಲಿಗೆ ಬಟ್ಟೆ ಸುತ್ತಿ ದೂರದಿಂದಲೇ ತಿಕ್ಕಿದರು. ಕೊಡದ ನೀರು ಸುರಿದು ತೊಳೆದರು. ವೈನಿ ಬಾಗಿಲ ಹಿಂದೆ ನಿಂತು ನಗು ತಡೆಯುತ್ತಿದ್ದರು, ನನಗೂ ನಗು ಬಂತು. ಆಮೇಲೆ ಅಜ್ಜಿ ಕೋಲು ಕೆಳಗಿಟ್ಟು, ಬಲಗೈ ಮುಂದೆ ಮಾಡಿದಾಗ ಯಾರೂ ನಗಲಿಲ್ಲ. ಬೆರಳ ತುದಿ ತಾಗಿಸಿ ತಟಕ್ಕನೆ ಹಿಂದೆಗೆದರು. ಮತ್ತೆ ತಾಗಿಸಿದರು. ಮುಷ್ಟಿಯಲ್ಲಿ ಹಿಡಿದರು. ಕೊಡ ತುಂಬಿ, ನೀರು ಹರಿದು ಮಣ್ಣಿಗೆ ಹೋಗುತ್ತಿದ್ದರೂ ಹಿಡಿದ ಕೈ ಬಿಡಲಿಲ್ಲ. ನಿಲ್ಲಿಸಿ ಎಂದು ನಾವು ಯಾರೂ ಹೇಳಲಿಲ್ಲ.

ವಿಂಡೋಸ್ ಆ ಮಧ್ಯಾಹ್ನ ಒಂದೇ ಸಲಕ್ಕೆ ಕೂತಿತು. ವೈನಿ ಲಗ್ನಪತ್ರಿಕೆಗಳಿಂದ ಶುರು ಮಾಡಿ ಆಮೇಲೆ ಸುತ್ತಲಿನ ಶಾಲೆಗಳ ಪ್ರಶ್ನೆಪತ್ರಿಕೆ ಎಲ್ಲ ಮಾಡಿಕೊಡುವಂತಾದರು. ಮಾಸ್ತರು ಅಂದಿನಿಂದ ವೈರು ಮುಟ್ಟುವುದನ್ನು ಬಿಟ್ಟರು. ಒಂದು ಬಲ್ಬು ಹೋದರೂ ನನಗೆ ಫೋನ್ ಬರುತ್ತಿತ್ತು, ವಾಡಿಯಿಂದ ಚಿತ್ತಾಪುರಕ್ಕೆ ಬಲ್ಬು ಹಾಕಲು ನಾನು ಹೋದದ್ದೂ ಉಂಟು. ಅಜ್ಜಿ ಮುಂದೆ ಬಹಳ ವರ್ಷ ಇದ್ದರು, ಕೊನೆಗೆ ಮಲಗಿದಲ್ಲೇ ಹೋದರು.

ನನಗೊಂದು ಅಭ್ಯಾಸ ಅಂಟಿಕೊಂಡಿತು. ಯಾವ ಊರಿಗೆ ಹೋಗಲಿ, ಯಂತ್ರ ಮುಟ್ಟುವ ಮುಂಚೆ ಆ ಮನೆಯ ನಳಕ್ಕೆ ಟೆಸ್ಟರ್ ಹಚ್ಚಿ ನೋಡುವುದು. ಚಿಂಚೋಳಿಯಲ್ಲಿ ಒಮ್ಮೆ ಮನೆಯ ಯಜಮಾನರು ನನ್ನ ಹಿಂದೆಯೇ ಬಚ್ಚಲವರೆಗೆ ಬಂದು, ಗಾಬರಿಯಿಂದ ಕೇಳಿದರು.

"ಯಾಕ್ರಿ, ಕಂಪ್ಯೂಟರ್ ಆ ಕೋಣ್ಯಾಗ ಅದ. ನೀವು ಬಚ್ಚಲದಾಗ ಏನ್ ಹುಡುಕಾಕತ್ತೀರಿ?"